ಕಿಸೆಯಲ್ಲೊಂದು ಪೀಶಕತ್ತಿ

ಈ ಹೊತ್ತು ನನ್ನ ಕಿಸೆ ಖಾಲಿಯಾಗಿದೆ. ಹಣದ ಮಾತಲ್ಲ; ಅದರ ಸ್ಥಿತಿ ಎಂದಿನಂತೆಯೇ ಇದೆ. ನಲುವತ್ತು ವರ್ಷಗಳಿಂದ ಅಂಗಿಯ ಬದಿಕಿಸೆಯಲ್ಲಿ ತಪ್ಪದೆ ಇರುತ್ತ ಬಂದ ಒಂದು ಮಡಚುವ ಚಾಕುವನ್ನು ಇಂದು ಮನೆಯ ಮೇಜಿನ ಸೆಳೆಖಾನೆಯಲ್ಲಿ ಬಿಟ್ಟು ಬಂದಿದ್ದೇನೆ. ಚಾಕುವಿನ ವಿಷಯ ಮಾತನಾಡಲು ಬಂದವನ ಕಿಸೆಯಲ್ಲಿ ಚಾಕು ಸಿಕ್ಕಿದರೆ ಬಾಗಿಲಿನ ಕಾವಲಿನವರಿಗೆ ಅದನ್ನು ವಿವರಿಸಿ ಹೇಳಬೇಕು. ಆ ವಿವರಣೆ ಮುಗಿಯುವಷ್ಟರಲ್ಲಿ ಭಾಷಣದ ಹೊತ್ತೂ ಮುಗಿದೀತು. ಅದನ್ನು ತೆರೆಯುವಾಗ ಆಗುವ 'ಟಕ್' ಎಂಬ ಸದ್ದೊಂದನ್ನು ನಿಮಗೆ ಕೇಳಿಸಬೇಕೆಂಬ ಆಸೆ ಇತ್ತು. ಕೈಗೂಡಲಿಲ್ಲ. ಕೇಳುಗರು ಊಹಿಸಿಕೊಳ್ಳಬೇಕು.

ಪಟ್ಟಣದ ಮನೆಗಳಲ್ಲಿ ಚಾಕು ಎಂದರೆ ಅಡುಗೆಮನೆಯ ವಸ್ತು. ಅದು ಗೂಡಿನಲ್ಲಿಯೋ ಮೊಳೆಯಲ್ಲಿಯೋ ಇರುತ್ತದೆ. ಮನೆಯವರು ಹೊರಗೆ ಹೋದರೆ ಅದು ಹಿಂಬಾಲಿಸುವುದಿಲ್ಲ. ಮೈಮೇಲೆ ಇಟ್ಟುಕೊಂಡು ತಿರುಗುವ ಚಾಕುವೆಂದರೆ ಹಿಂದಿ ಚಿತ್ರಗಳ ಖಳನ ಕೈಯ ರಾಂಪುರಿಯೇ ಹಲವರಿಗೆ ನೆನಪಾಗುವುದು. ಆದರೆ ಎರಡು ತಲೆಮಾರು ಹಿಂದೆ ಸರಿದರೆ, ನಮ್ಮ ಜಿಲ್ಲೆಯಲ್ಲಿ ಸೊಂಟದಲ್ಲಿಯೋ ಎಲೆಯಡಿಕೆಯ ಚೀಲದಲ್ಲಿಯೋ ಒಂದು ಸಣ್ಣ ಕತ್ತಿಯಿಲ್ಲದೆ ಹೊರಗೆ ಹೊರಟ ಗಂಡಸನ್ನು ಹುಡುಕಬೇಕಾಗಿದ್ದಿತು. ಹೆಂಗಸರೂ ಹಾಗೆಯೇ, ಸೊಪ್ಪಿಗೆ ಹೊರಟವರ ಸೊಂಟದಲ್ಲಿ ಕತ್ತಿ ಇದ್ದೇ ಇರುತ್ತಿತ್ತು.

ಹೆಸರುಗಳೇ ಎಷ್ಟು! ನಾನು ಫರಂಗಿಪೇಟೆಯವನು. ಮಂಗಳೂರಿನಿಂದ ಬಂಟ್ವಾಳಕ್ಕೆ ಹೋಗುವ ಹೆದ್ದಾರಿಯಲ್ಲಿ, ನೇತ್ರಾವತಿಯ ದಂಡೆಯ ಮೇಲಿನ ಊರು. ಅಲ್ಲಿಯ ಒಂದೇ ಅಂಗಡಿಯ ಜಗಲಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ ನಾಲ್ಕೂ ಮಾತು ಏಕಕಾಲಕ್ಕೆ ನಡೆಯುತ್ತವೆ. ತುಳುವರು ಬಿಸತ್ತಿ ಎನ್ನುತ್ತಾರೆ. ನಮ್ಮ ಕಡೆಯ ಕನ್ನಡದಲ್ಲಿ ಅದು ಪೀಶಕತ್ತಿ. ಗಡಿ ದಾಟಿ ಮಲೆಯಾಳಕ್ಕೆ ಹೋದರೆ ಪಿಚ್ಚಾತ್ತಿ. ಘಟ್ಟ ಹತ್ತಿ ಕೊಡಗಿಗೆ ಹೋದರೆ ಪೀಚೆ ಕತ್ತಿ. ಕಿವಿಗೊಟ್ಟು ಕೇಳಿದರೆ ನಾಲ್ಕೂ ಒಂದೇ ಮನೆಯ ಮಕ್ಕಳಂತೆ ತೋರುತ್ತವೆ. ಕೊಂಕಣಿಯವರು ಸುರಿ ಎನ್ನುತ್ತಾರೆ. ನಮ್ಮ ಚೂರಿಯ ಹಾಗೆ ಅದೂ ಸಂಸ್ಕೃತದ ಛುರಿಕೆಯ ಸಂತಾನ. ಕೋಟಿ ಚೆನ್ನಯರ ಗರಡಿಗಳಲ್ಲಿ ಪೂಜೆಗೊಳ್ಳುವ ಸುರಿಯವನ್ನೂ ಈ ಮಾತಿನ ಜೊತೆಯಲ್ಲಿಯೇ ನೆನೆಯಬಹುದು. ಚಾಕು ಎಂಬುದು ಮಾತ್ರ ಪಾರಸಿ ನಾಡಿನಿಂದ ಬಂದ ಅತಿಥಿ. ಬಂದವನು ಹೋಗಲಿಲ್ಲ, ಮನೆಯವನೇ ಆದ.

ನನ್ನ ಅಜ್ಜನ ಪೀಶಕತ್ತಿಯನ್ನು ಕುರಿತು ಹೇಳದೆ ಮುಂದುವರಿಯಲಾರೆ. ಅದು ಮಡಚುವ ಜಾತಿಯದಲ್ಲ. ಕೋಣನ ಕೊಂಬಿನ ಹಿಡಿ, ಅದರ ಕೊರಳಿಗೆ ಹಿತ್ತಾಳೆಯ ಒಂದು ಬಳೆ, ಗೇಣಿಗೆ ಕಡಿಮೆಯ ಅಲಗು. ಅಲಗಿನ ಬಾಲವನ್ನು ಕಾಯಿಸಿ ಅರಗು ತುಂಬಿದ ಹಿಡಿಯೊಳಕ್ಕೆ ಇಳಿಸಿದ್ದರು. ಆಣಿ ಇಲ್ಲ, ತಿರುಪು ಇಲ್ಲ. ಎಲೆಯ ತೊಟ್ಟು ತುದಿ ತೆಗೆಯುವುದರಿಂದ ಹಿಡಿದು ಅಡಿಕೆಯ ಸಿಪ್ಪೆಯ ನಾರು ಕೆರೆಯುವುದು, ಬಾಳೆಯೆಲೆ ಕೊಯ್ಯುವುದು, ಕಾಲಿಗೆ ಹೊಕ್ಕ ಮುಳ್ಳು ತೆಗೆಯುವುದು, ಮೊಮ್ಮಕ್ಕಳಿಗೆ ಹಲಸಿನ ಎಲೆಯ ಗಾಡಿ ಮಾಡಿಕೊಡುವುದರವರೆಗೆ ಎಲ್ಲವೂ ಅದರದೇ ಕೆಲಸ. ಅಜ್ಜ ಅದನ್ನು ಅಂಗಳದ ಕರಿಗಲ್ಲಿನಲ್ಲಿ ಪ್ರತಿದಿನ ಎಂಬಂತೆ ಮಸೆಯುತ್ತಿದ್ದರು. ನಾನು ನೋಡುವ ಹೊತ್ತಿಗೆ ಅಲಗು ಸವೆದು ಸವೆದು ತೆಂಗಿನ ಗರಿಯ ಕಡ್ಡಿಯಷ್ಟು ಕಿರಿದಾಗಿದ್ದಿತು. ಅದು ಮೊದಲು ಎಷ್ಟು ಅಗಲ ಇತ್ತೆಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. ಕಲ್ಲಿನಲ್ಲಿ ಮಾತ್ರ ಒಂದು ತೊಟ್ಟಿಲಿನಂತಹ ತಗ್ಗು ಈಗಲೂ ಉಂಟು.

ಅಜ್ಜನ ಕತ್ತಿಯೇ ನನ್ನ ಸಂಗ್ರಹದ ಮೊದಲನೆಯದು. ಸಂಗ್ರಹ ಎಂದು ಸಂಕೋಚದಿಂದಲೇ ಹೇಳುತ್ತಿದ್ದೇನೆ. ಒಬ್ಬರು ಅಂಚೆಚೀಟಿ ಕೂಡಿಹಾಕುತ್ತಾರೆ, ಇನ್ನೊಬ್ಬರು ನಾಣ್ಯ; ನಾನು ಸಣ್ಣ ಕತ್ತಿಗಳನ್ನು. ಈಗ ಅರುವತ್ತಕ್ಕೆ ಮೇಲಾಗಿವೆ. ಹೆಚ್ಚಿನವು ಜಾತ್ರೆಯಲ್ಲಿ ಕೊಂಡವು, ಗುಜರಿಯಲ್ಲಿ ಆರಿಸಿದವು, ಅಥವಾ ಸತ್ತವರ ಮನೆಯವರು 'ನಿಮಗೆ ಬೇಕಾದೀತು' ಎಂದು ಕೊಟ್ಟವು. ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪೆನಿಯ ಒಂದು ಹಳೆಯ ಪೆನ್ನುಚಾಕು ಉಂಟು. ಅಲಗಿನ ಬುಡದಲ್ಲಿ ಆ ಕಂಪೆನಿಯ ನಕ್ಷತ್ರ ಮತ್ತು ಶಿಲುಬೆಯ ಗುರುತು ಇನ್ನೂ ಕಾಣುತ್ತದೆ. ೧೮೯೧ರಲ್ಲಿ ಕಾರ್ಲ್ ಎಲ್ಸೆನರ್ ಎಂಬಾತ ಸ್ವಿಸ್ ಸೈನಿಕರಿಗೆ ಒದಗಿಸಲು ತೊಡಗಿದ ಚಾಕುವಿನ ವಂಶದ್ದೊಂದು, ಗಲ್ಫಿಗೆ ಹೋಗಿಬಂದ ಶಿಷ್ಯನೊಬ್ಬನ ಕೊಡುಗೆ. ಅದರಲ್ಲಿ ಕತ್ತರಿ, ಡಬ್ಬ ತೆರೆಯುವ ಕೊಕ್ಕೆ, ಹಲ್ಲುಕಡ್ಡಿ ಎಲ್ಲವೂ ಇವೆ. ಜಾಣ ವಸ್ತು, ಆದರೆ ಮನೆಗೆಲಸಕ್ಕೆ ಬಂದ ಅತಿ ಜಾಣ ಹುಡುಗನ ಹಾಗೆ, ಎಲ್ಲವನ್ನೂ ಬಲ್ಲೆನೆಂಬ ಅದರ ಧೋರಣೆ ನನಗೆ ಹಿಡಿಸುವುದಿಲ್ಲ.

ಪೆನ್ನುಚಾಕು ಎಂಬ ಹೆಸರಿಗೆ ಕಾರಣವನ್ನು ಶಾಲೆಯ ಮಕ್ಕಳು ಕೇಳುತ್ತಿದ್ದರು. ಪಶ್ಚಿಮದವರು ಹಕ್ಕಿಯ ಗರಿಯ ಲೇಖನಿಯಿಂದ ಬರೆಯುತ್ತಿದ್ದ ಕಾಲದಲ್ಲಿ ಅದರ ಮೊನೆಯನ್ನು ಮತ್ತೆ ಮತ್ತೆ ಕತ್ತರಿಸಿ ಸರಿಮಾಡಲು ಬೇಕಾಗಿದ್ದ ಚಾಕು ಅದು. ನಮ್ಮಲ್ಲಿಯೂ ಬರೆಹಕ್ಕೂ ಕತ್ತಿಗೂ ನಂಟಿತ್ತು. ಓಲೆಗರಿಯನ್ನು ಸಮನಾಗಿ ಕೊಯ್ಯದೆ ಗ್ರಂಥ ಇಲ್ಲ. ಅಲಗು ಮತ್ತು ಓಲೆ ಬರೆಯುವ ಕಂಠ ಎರಡೂ ಒಂದೇ ಹಿಡಿಯೊಳಕ್ಕೆ ಮಡಚಿಕೊಳ್ಳುವ ಹಳೆಯ ಉಪಕರಣಗಳು ಮಲೆಯಾಳದ ಕಡೆ ಸಿಗುತ್ತವೆ. ಮೂಡಬಿದ್ರೆಯ ಬಸದಿಯಲ್ಲಿ ಕಾಪಾಡಿಕೊಂಡು ಬಂದ ಧವಳ, ಜಯಧವಳ, ಮಹಾಧವಳಗಳ ಓಲೆಗಳ ಬಗ್ಗೆ ವಿದ್ವಾಂಸರು ಮಾತನಾಡುವಾಗೆಲ್ಲ ನನಗೆ ಅಕ್ಷರಗಳಿಗಿಂತ ಮೊದಲು ಓಲೆಯ ಅಂಚು ನೆನಪಾಗುತ್ತದೆ. ಆ ಅಂಚನ್ನು ನೇರವಾಗಿ ಕೊಯ್ದ ಕೈ ಯಾರದೋ, ಆ ಕತ್ತಿ ಯಾವ ಕುಲುಮೆಯದೋ.

ಮಡಚುವ ಚಾಕುವಿನ ಒಳಗುಟ್ಟು ಬಲು ಸರಳ. ಹಿಡಿಯ ಬೆನ್ನಿನಲ್ಲಿ ಉಕ್ಕಿನ ಒಂದು ಪಟ್ಟಿ ಇದೆ. ಅದೇ ಅದರ ಸ್ಪ್ರಿಂಗು. ಅಲಗಿನ ಬುಡವನ್ನು ದುಂಡಗೆ ಬಿಡದೆ ಚಪ್ಪಟೆ ಮುಖಗಳಾಗಿ ಅರದಿಂದ ತೀಡಿರುತ್ತಾರೆ. ಅಲಗು ತಿರುಗುವಾಗ ಪಟ್ಟಿ ಮೇಲಕ್ಕೆ ಎದ್ದು, ಚಪ್ಪಟೆ ಮುಖ ಬಂದಾಗ 'ಟಕ್' ಎಂದು ಕುಳಿತುಕೊಳ್ಳುತ್ತದೆ. ಬೀಗ ಇಲ್ಲ, ಪಟ್ಟಿಯ ಒತ್ತಾಯ ಮಾತ್ರ. ಹಿಮ್ಮುಖವಾಗಿ ಬಲ ಹಾಕಿದರೆ ಅದು ಮಡಚಿ ಬೆರಳನ್ನೇ ಹಿಡಿಯುತ್ತದೆ. ಈ ಪಾಠವನ್ನು ನಾನು ಹದಿನಾರನೆಯ ವಯಸ್ಸಿನಲ್ಲಿ ಕಲಿತೆ. ಬಲಗೈಯ ತೋರುಬೆರಳಿನಲ್ಲಿ ಅದರ ಪ್ರಮಾಣಪತ್ರ ಇದೆ. ಬೀಗವಿಲ್ಲದ ಚಾಕುವನ್ನು ಇಟ್ಟುಕೊಂಡವನು ಕೈಯ ಜಾಡನ್ನು ಅರಿತು ಕೊಯ್ಯುತ್ತಾನೆ. ತಿವಿಯಲು ಅದು ಒದಗುವುದೇ ಇಲ್ಲ. ಮುಂದೆ ಹೇಳಲಿರುವ ವಿಷಯಕ್ಕೆ ಈ ಮಾತು ಬೇಕಾಗುತ್ತದೆ.

ದಿನವೂ ಅದಕ್ಕೆ ಏನು ಕೆಲಸ ಎಂದು ಪಟ್ಟಣದ ಮಿತ್ರರು ಕೇಳುತ್ತಾರೆ. ಮೊನ್ನೆಯ ಒಂದು ದಿನದ ಲೆಕ್ಕ ಕೊಡುತ್ತೇನೆ. ಬೆಳಗ್ಗೆ ತೋಟದಲ್ಲಿ ಮಲ್ಲಿಗೆಯ ಒಣಗೆಲ್ಲು ತೆಗೆದೆ. ಎರಡು ಬಾಳೆಯೆಲೆ ಕೊಯ್ದೆ. ಅಂಚೆಯಲ್ಲಿ ಬಂದ ಪುಸ್ತಕದ ಕಟ್ಟನ್ನು ಬಿಚ್ಚಿದೆ. ಬಸ್ಸಿನಲ್ಲಿ ಎದುರು ಕುಳಿತ ಮಗುವಿನ ಚಪ್ಪಲಿಯ ಹರಿದ ಪಟ್ಟಿಗೆ ತೂತು ಕೊರೆದು ದಾರ ಹಾಕಿಕೊಟ್ಟೆ. ಮಧ್ಯಾಹ್ನ ಮಾವಿನಹಣ್ಣು. ಸಂಜೆ ಪೆನ್ಸಿಲು. ಪೊಳಲಿಯ ಚೆಂಡಿನ ಜಾತ್ರೆಗೆ ಹೋದರಂತೂ ಇಡೀ ಬಂಧುವರ್ಗಕ್ಕೆ ನನ್ನ ಚಾಕುವೇ ಗತಿ. ಅಲ್ಲಿ ರಾಶಿಬಿದ್ದ ಕಲ್ಲಂಗಡಿಯನ್ನು ಕೊಳ್ಳದೆ ಮರಳಿದರೆ ಜಾತ್ರೆಗೆ ಹೋದದ್ದಕ್ಕೆ ಸಾಕ್ಷಿ ಇಲ್ಲ. ಎರಡೂ ಮುಕ್ಕಾಲು ಅಂಗುಲದ ಅಲಗಿನಿಂದ ಕಲ್ಲಂಗಡಿಯನ್ನು ಹೋಳು ಮಾಡುವುದು ಸಣ್ಣ ದೋಣಿಯಲ್ಲಿ ಕಡಲಿಗೆ ಹೊರಟ ಹಾಗೆ. ಸುತ್ತು ಹಾಕಿ ಸುತ್ತು ಹಾಕಿ ದಡ ಸೇರಬೇಕು.

ನನ್ನ ಚಾಕುವಿನ ಅಲಗು ಹೊಳೆಯುವುದಿಲ್ಲ. ಮೋಡದ ಬಣ್ಣ, ಅಲ್ಲಲ್ಲಿ ನೀಲಿ, ಬುಡದಲ್ಲಿ ಕಪ್ಪು. ನೋಡಿದವರು ತುಕ್ಕು ಎನ್ನುತ್ತಾರೆ, ತುಕ್ಕಲ್ಲ. ಎಳೆಯ ಅಡಿಕೆ, ಗೇರು, ಬಾಳೆ, ಮಾವು ಇವುಗಳಲ್ಲಿ ಒಗರು ಇದೆಯಲ್ಲವೇ? ಆ ಒಗರಿನ ಸತ್ವಕ್ಕೆ ಟ್ಯಾನಿನ್ ಎಂದು ಹೆಸರು. ಅದು ಕಬ್ಬಿಣದೊಂದಿಗೆ ಕೂಡಿದರೆ ಕಪ್ಪಾಗುತ್ತದೆ. ಹಳೆಯ ಕಾಲದಲ್ಲಿ ಶಾಯಿ ಮಾಡುತ್ತಿದ್ದುದೂ ಇದೇ ಕ್ರಮದಿಂದ. ಅಂದಮೇಲೆ ಪ್ರತಿಯೊಂದು ಅಡಿಕೆಯೂ ಅಲಗಿನ ಮೇಲೆ ಒಂದು ಗೆರೆ ಬರೆದು ಹೋಗುತ್ತದೆ. ಕಲೆ ಹಿಡಿಯದ ಉಕ್ಕು ಬಂದುದು ಈಚೆಗೆ. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ೧೯೧೩ರಲ್ಲಿ ಕ್ರೋಮಿಯಂ ಬೆರೆಸಿ ಅದನ್ನು ಎರಕಹೊಯ್ದನು. ಅಡುಗೆಮನೆಗೆ ಅದು ಬಂದುದು ಒಳ್ಳೆಯದೇ ಆಯಿತು. ಆದರೆ ನಮ್ಮ ಊರಿನ ಕರಿಗಲ್ಲಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಒಮ್ಮೆ ಮೊಂಡಾದರೆ ಮೂಲೆ ಸೇರುತ್ತದೆ.

ಉಕ್ಕಿನ ಮಾತು ಬಂದಾಗ ಒಂದು ಸಂಗತಿಯನ್ನು ಹೇಳದಿರಲಾರೆ. ನಮ್ಮ ನಾಡಿನ ಮೂಸೆಯುಕ್ಕು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ದಾರಿಯಾಗಿ ಇಂಗ್ಲೆಂಡಿಗೆ ಹೋಯಿತು. ಅಲ್ಲಿಯವರು ಅದನ್ನು 'ವುಟ್ಜ್' ಎಂದರು. ಅದು ನಮ್ಮ ಕನ್ನಡದ 'ಉಕ್ಕು' ಎಂಬ ಮಾತೇ ಕೆಟ್ಟ ರೂಪ ತಾಳಿದುದು ಎಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬವರು ಅದರ ಗುಣಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವರದಿ ಮಾಡಿದರು. ಆ ಉಕ್ಕನ್ನು ಬಡಿದು ನೋಡಲು ಕೊಟ್ಟುದು ಸ್ಟೊಡಾರ್ಟ್ ಎಂಬ ಕುಶಲ ಕತ್ತಿಗಾರನ ಕೈಗೆ. ಅವನು ಮಾಡಿದ್ದೇನು? ಖಡ್ಗವಲ್ಲ, ಕವಚವಲ್ಲ, ಒಂದು ಪೆನ್ನುಚಾಕು! ಮುಂದೆ ಆ ಸ್ಟೊಡಾರ್ಟನೊಂದಿಗೆ ಸೇರಿ ಮೈಕೇಲ್ ಫ್ಯಾರಡೇಯೂ ಈ ಉಕ್ಕಿನ ಮರ್ಮವನ್ನು ಹುಡುಕಲು ಹೊರಟನು.

ಡಾಕ್ಟರ್ ಬುಕಾನನ್ ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಾಡುವಾಗ ಮಾಗಡಿಯ ಬಳಿ ಉಕ್ಕು ಮಾಡುವ ಕ್ರಮವನ್ನು ಕಂಡು ವಿವರವಾಗಿ ಬರೆದಿದ್ದಾನೆ. ಅದೇ ಪ್ರಯಾಣದಲ್ಲಿ ೧೮೦೧ರ ಆರಂಭದಲ್ಲಿ ಮಂಗಳೂರಿನಿಂದ ಹೊರಟವನು ನಮ್ಮ ಫರಂಗಿಪೇಟೆಯನ್ನೂ ಹಾದುಹೋದನು. ಅರ್ಕುಲ ಎಂಬ ಅದರ ಇನ್ನೊಂದು ಹೆಸರನ್ನೂ ಬರೆದುಕೊಂಡಿದ್ದಾನೆ. ಕಂಡ ಕಂಡ ಬೆಳೆಯ, ಗೇಣಿಯ, ಮರದ ಹೆಸರುಗಳನ್ನೆಲ್ಲ ಗುರುತಿಸಿದ ಮನುಷ್ಯನಿಗೆ ದಾರಿ ತೋರಿಸಿದವರ ಸೊಂಟದ ಕತ್ತಿ ಕಾಣದೆ ಇದ್ದೀತೆ ಎಂದು ನಾನು ಆಗಾಗ ಯೋಚಿಸುವುದುಂಟು.

ಈಗ ನಮ್ಮ ಕಡೆಯ ಕುಲುಮೆಗಳಲ್ಲಿ ಮೂಸೆಯುಕ್ಕು ಎಲ್ಲಿಯದು? ಲೋರಿಯ ಸ್ಪ್ರಿಂಗು ಪಟ್ಟಿಯೇ ಕಚ್ಚಾವಸ್ತು. ಹಾಗೆಂದು ಕೀಳಾಗಿ ಕಾಣಬೇಕಾಗಿಲ್ಲ. ಅದು ಒಳ್ಳೆಯ ಉಕ್ಕು, ಘಟ್ಟದ ರಸ್ತೆಯಲ್ಲಿ ತನ್ನ ಸತ್ವವನ್ನು ತೋರಿಸಿಯೇ ಬಂದದ್ದು. ನಮ್ಮ ಮನೆಯಿಂದ ಅರ್ಧ ಮೈಲು ದೂರದಲ್ಲಿ ಒಬ್ಬ ಆಚಾರಿಯವರು ಇದ್ದರು. ಅವರ ಕೊಟ್ಟಿಗೆಯಲ್ಲಿ ಹಗಲೂ ಕತ್ತಲೆ. ಬಡವರ ಮನೆಗೆ ಕಿಟಕಿ ಇಲ್ಲವೆಂದು ನಾನು ಚಿಕ್ಕಂದಿನಲ್ಲಿ ತಿಳಿದಿದ್ದೆ. ಅಲ್ಲ, ಕತ್ತಲೆ ಬೇಕೆಂದೇ ಹಾಗೆ ಕಟ್ಟಿದ್ದರು. ಬೆಳಕಿನಲ್ಲಿ ಕಾದ ಕಬ್ಬಿಣದ ಬಣ್ಣ ಸುಳ್ಳು ಹೇಳುತ್ತದೆ. ಅಲಗು ಕೆಂಡಸಂಪಗೆಯ ಬಣ್ಣಕ್ಕೆ ಬಂದಾಗ ಅವರು ಅದರ ಹತ್ತಿರ ಒಂದು ಅಯಸ್ಕಾಂತದ ತುಂಡು ಹಿಡಿಯುತ್ತಿದ್ದರು. ಹಳೆಯ ರೇಡಿಯೋ ಸ್ಪೀಕರಿನಿಂದ ಕಿತ್ತದ್ದು. ಹದಕ್ಕೆ ಬಂದ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಸುಮಾರು ೭೭೦ ಡಿಗ್ರಿಯಲ್ಲಿ ಕಬ್ಬಿಣ ಆ ಗುಣವನ್ನು ಬಿಟ್ಟುಕೊಡುತ್ತದೆಂದು ನಾನು ಪುಸ್ತಕದಲ್ಲಿ ಓದಿದ್ದೆ. ಅವರಿಗೆ ಡಿಗ್ರಿಯ ಹಂಗಿರಲಿಲ್ಲ. 'ಈಗ ಅದಕ್ಕೆ ತನ್ನವರ ಗುರುತು ಮರೆತಿದೆ' ಎನ್ನುತ್ತಿದ್ದರು. ಇನ್ನೂ ಸ್ವಲ್ಪ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಿದ್ದರು.

ಅದ್ದಿದ ಅಲಗು ಗಾಜಿನಂತೆ, ಬಿದ್ದರೆ ಮುರಿದೀತು. ಆದುದರಿಂದ ತಿಕ್ಕಿ ಬೆಳ್ಳಗೆ ಮಾಡಿ, ಕೆಂಡದ ಮೇಲೆ ದೂರದಿಂದ ಮತ್ತೆ ಬಿಸಿಮಾಡುವುದು. ಆಗ ಅಲಗಿನ ಮೇಲೆ ಬಣ್ಣಗಳು ಓಡುತ್ತವೆ. ಮೊದಲು ಬೈಹುಲ್ಲಿನ ತಿಳಿಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ನೀಲಿ. ಬಾಯಿಗೆ ಹಳದಿ ಸಾಕು. ನೀಲಿಗೆ ಹೋದರೆ ಮೆತ್ತಗಾಯಿತು. ಹಳದಿಯಿಂದ ನೀಲಿಗೆ ಹೋಗಲು ಒಂದು ಎಲೆ ಮಡಚುವಷ್ಟು ಹೊತ್ತು. ಆಚಾರಿಯವರು ಮಾತು ನಿಲ್ಲಿಸುತ್ತಿದ್ದುದು ಆಗ ಮಾತ್ರ. ನನ್ನ ಕಿಸೆಯ ಚಾಕುವಿನ ಅಲಗು ಅವರು ಮಾಡಿದ್ದು. ಅಂಗಡಿಯ ಹಳೆಯ ಹಿಡಿಯ ಒಳಗೆ ಹೊಸ ಅಲಗನ್ನು ಕೂರಿಸಿಕೊಟ್ಟರು. ಬುಡದ ಚಪ್ಪಟೆ ಮುಖಗಳನ್ನು ತೀಡಲು ಮೂರು ಮಧ್ಯಾಹ್ನ ಹಿಡಿಯಿತು. ಸದ್ದು ಸರಿಯಾಗುವ ತನಕ ಬಿಡಲಿಲ್ಲ. ಕೊಟ್ಟ ಕೂಲಿಯನ್ನು ಈಗ ಹೇಳಲು ನಾಚಿಕೆಯಾಗುತ್ತದೆ.

ಅವರ ಮಗ ವೆಲ್ಡಿಂಗ್ ಕಲಿತು ಪಟ್ಟಣಕ್ಕೆ ಹೋದ. ಕಿಟಕಿಯ ಸರಳು, ಗೇಟು ಎಂದು ಒಳ್ಳೆಯ ಸಂಪಾದನೆ. ಅವನದು ತಪ್ಪೆನ್ನಲು ನಾನು ಯಾರು? ಸಂತೆಯಲ್ಲಿ ಕಾರ್ಖಾನೆಯ ಚಾಕು ಸಿಗುವಾಗ ಮೂರು ಮಧ್ಯಾಹ್ನದ ಕೆಲಸಕ್ಕೆ ಬೆಲೆ ಕೊಡುವವರು ಎಷ್ಟು ಮಂದಿ? ಕುಲುಮೆಯ ಜಾಗದಲ್ಲಿ ಈಗ ಒಂದು ಬೈಕು ನಿಲ್ಲುತ್ತದೆ. ಅಡಿಗಲ್ಲು ಬಾಗಿಲ ಬಳಿ ಇದೆ. ಮಕ್ಕಳು ಅದರ ಮೇಲೆ ಕುಳಿತು ಮೊಬೈಲು ನೋಡುತ್ತಾರೆ.

ಬಿ. ಸಿ. ರೋಡಿನಲ್ಲಿ ಪ್ರೊಫೆಸರ್ ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತುಸಂಗ್ರಹಾಲಯಕ್ಕೆ ಹೋಗಿ ನೋಡಬೇಕು. ಒಂದು ಕಾಲದಲ್ಲಿ ನಮ್ಮ ಮನೆಗಳ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ, ಸೊಂಟದಲ್ಲಿ ಇದ್ದ ವಸ್ತುಗಳು ಅಲ್ಲಿ ಸಾಲಾಗಿ ಕುಳಿತಿವೆ. ಧರ್ಮಸ್ಥಳದ ಮಂಜೂಷಾವೂ ಅಂತಹುದೇ ಒಂದು ಸಮುದ್ರ. ಇಂತಹ ಸ್ಥಳಗಳಿಲ್ಲದಿದ್ದರೆ ಎಷ್ಟೋ ವಸ್ತುಗಳು ಗುಜರಿಗೆ ಹೋಗುತ್ತಿದ್ದವು. ಅಷ್ಟು ಹೇಳಿದ ಮೇಲೆ ನನ್ನ ಮನಸ್ಸಿನ ಒಂದು ಕೊಂಕನ್ನೂ ಹೇಳುತ್ತೇನೆ: ಗಾಜಿನ ಹಿಂದಿನ ಕತ್ತಿಯನ್ನು ನೋಡಿದಾಗ ನನಗೆ ಅಂಗೈ ತುರಿಸುತ್ತದೆ. ನನ್ನ ಸ್ವಂತ ಪೆಟ್ಟಿಗೆಯ ಕತ್ತಿಗಳ ಬಗ್ಗೆಯೂ ಹಾಗೆಯೇ. ನಮ್ಮ ಮಳೆಗಾಲ ನಿಮಗೆ ಗೊತ್ತು. ಮಣ್ಣಿನ ನೆಲಕ್ಕೂ ಬೆವರು ಬರುವ ಕಾಲ. ಚರ್ಮದ ಒರೆಯಲ್ಲಿ ಜೋಪಾನವಾಗಿ ಇಟ್ಟ ಮೂರು ಕತ್ತಿಗಳು ಒಂದೇ ಮಳೆಗಾಲದಲ್ಲಿ ಕೆಟ್ಟುಹೋದವು. ಚರ್ಮ ತೇವ ಹೀರಿ ಉಕ್ಕಿಗೆ ಉಣಿಸಿತು. ಕಿಸೆಯಲ್ಲಿ ತಿರುಗುವ ಚಾಕುವಿಗೆ ಮಾತ್ರ ಎಂದೂ ತುಕ್ಕು ಬಂದಿಲ್ಲ. ದಿನಕ್ಕೆ ಹತ್ತು ಸಲ ಒರೆಸುವ ಕೈ ಇರುವಾಗ ತುಕ್ಕಿಗೆ ಎಡೆಯೆಲ್ಲಿ? ಆಗಿನಿಂದ ವಾರಕ್ಕೊಂದರಂತೆ ಪೆಟ್ಟಿಗೆಯ ಕತ್ತಿಗಳಿಗೂ ಕಿಸೆಯ ಸವಾರಿ ಮಾಡಿಸುತ್ತೇನೆ. ಅಲಗಿಗೆ ಒಂದು ತೊಟ್ಟು ತೆಂಗಿನೆಣ್ಣೆ, ಮಡಚುವ ಸಂದಿಗೆ ಹೊಲಿಗೆಯಂತ್ರದ ಎಣ್ಣೆ. ಅಷ್ಟೇ ಔಷಧ.

ಕತ್ತಿಗೆ ರಜೆ ಇಲ್ಲವೆಂದು ತಿಳಿಯಬೇಡಿ. ಆಯುಧಪೂಜೆಯಂದು ಅದು ಕುಂಕುಮ ಇಟ್ಟುಕೊಂಡು ಮಣೆಯ ಮೇಲೆ ಕುಳಿತುಕೊಳ್ಳುತ್ತದೆ. ಫೆಬ್ರವರಿಯಲ್ಲಿ ಬರುವ ಕೆಡ್ಡಸದ ಮೂರು ದಿನ ಭೂಮಿತಾಯಿಗೆ ವಿಶ್ರಾಂತಿ. ನೆಲ ಅಗೆಯಬಾರದು, ಹಸಿಗಿಡಕ್ಕೆ ಕತ್ತಿ ಮುಟ್ಟಿಸಬಾರದು ಎಂದು ತುಳುವರ ಕಟ್ಟು. ಕತ್ತಿಯನ್ನು ಬಲ್ಲ ಜನ ಕತ್ತಿ ಹೊರಡಬಾರದ ದಿನವನ್ನೂ ಬಲ್ಲವರಾಗಿದ್ದರು. ಕೈಯಿಂದ ಕೈಗೆ ಕೊಡಬಾರದೆಂಬ ಇನ್ನೊಂದು ನಿಯಮವೂ ಇದೆ. ನೆಲದ ಮೇಲಿಡಬೇಕು, ಬೇಕಾದವನು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಕೊಟ್ಟರೆ ಜಗಳ ಹುಟ್ಟುತ್ತದಂತೆ. ಜಗಳದ ಮಾತು ಬಿಡಿ, ಬೆರಳಾದರೂ ಉಳಿಯುತ್ತದೆ.

ನಮ್ಮ ಪೇಟೆಯಲ್ಲಿ ಅಡಿಕೆ ಕೊಳ್ಳುವ ಒಬ್ಬ ಬ್ಯಾರಿ ಮಿತ್ರರಿದ್ದಾರೆ. ಚಾಲಿಯನ್ನು ಅಡಕತ್ತರಿಯಲ್ಲಿ ಎರಡಾಗಿ ಸೀಳಿ, ಒಳಗಿನ ಬಿಳುಪು ನೋಡಿ, ಇದು ಹೊಸತು, ಇದು ಹಳತು, ಇದು ಪಟೋರ ಎಂದು ಕ್ಷಣದಲ್ಲಿ ಹೇಳುತ್ತಾರೆ. ಗೋಣಿಯ ಹೊಲಿಗೆ ಬಿಚ್ಚಲು, ಅಡಿಕೆಗೆ ಅಂಟಿದ ನಾರು ಕೆರೆಯಲು ಅವರ ಸೊಂಟದ ಬೆಲ್ಟಿನಲ್ಲಿ ಒಂದು ಪೀಶಕತ್ತಿ. ಅದು ಅವರ ತಂದೆಯದು; ಬೈನೆಮರದ ಕರಿ ಹಿಡಿ. ಅದನ್ನು ಮಸೆಯುವ ಕೆಲಸ ಎಷ್ಟೋ ವರ್ಷಗಳಿಂದ ನನ್ನದು. ಅವರು ಕತ್ತಿಯನ್ನು ತಕ್ಕಡಿಯ ತಟ್ಟೆಯಲ್ಲಿಡುತ್ತಾರೆ, ನಾನು ಎತ್ತಿಕೊಳ್ಳುತ್ತೇನೆ. ಮಸೆದು ತಂದು ತಟ್ಟೆಯಲ್ಲಿಡುತ್ತೇನೆ, ಅವರು ಎತ್ತಿಕೊಳ್ಳುತ್ತಾರೆ. ತಕ್ಕಡಿ ಹೋಗಿ ವಿದ್ಯುತ್ತಿನ ತೂಕದ ಯಂತ್ರ ಬಂದ ಮೇಲೂ ಅದರ ತಟ್ಟೆಯೇ. ಯಂತ್ರ ಪ್ರತಿಸಲವೂ ಕತ್ತಿಯ ತೂಕ ತೋರಿಸುತ್ತದೆ. 'ಈ ಸಲ ಎಷ್ಟು ತಿಂದಿರಿ ಮಾಸ್ಟ್ರೇ?' ಎಂದು ಅವರು ನಗುತ್ತಾರೆ.

೨೦೧೭ರ ಮಳೆಗಾಲದಲ್ಲಿ ಆ ಕತ್ತಿ ನನ್ನ ಮನೆಯಲ್ಲಿಯೇ ಸಿಕ್ಕಿಹಾಕಿಕೊಂಡಿತು. ಆ ವರ್ಷ ನಮ್ಮ ಬಂಟ್ವಾಳ ತಾಲೂಕಿನಲ್ಲಿ ನಡೆದ ಕೊಲೆ, ಇರಿತಗಳನ್ನು ಇಲ್ಲಿ ಎತ್ತಿ ಹೇಳಬೇಕಾಗಿಲ್ಲ. ಪತ್ರಿಕೆ ಓದುವ ಎಲ್ಲರಿಗೂ ನೆನಪಿದೆ. ವಾರಗಟ್ಟಲೆ ನಿಷೇಧಾಜ್ಞೆ ಇತ್ತು. ಹೆದ್ದಾರಿಯಲ್ಲಿ ಪೋಲೀಸರ ತಪಾಸಣೆ. ಕಾನೂನನ್ನು ನಾನು ಬಲ್ಲೆ. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧವೆಂದು ಎಣಿಸುತ್ತವೆ. ಮನೆಗೆಲಸ, ಬೇಸಾಯಗಳ ಕತ್ತಿಯನ್ನು ಅದರಿಂದ ಹೊರಗಿಡುತ್ತವೆ. ಆದರೆ ನಿಷೇಧಾಜ್ಞೆಯ ದಿನಗಳ ಮಾತೇ ಬೇರೆ. ಕರ್ನಾಟಕ ಪೋಲೀಸ್ ಕಾಯಿದೆಯ ಪ್ರಕಾರ ಅಂತಹ ಹೊತ್ತಿನಲ್ಲಿ ದೊಣ್ಣೆ, ಚಾಕು ಯಾವುದನ್ನೂ ಸಾರ್ವಜನಿಕವಾಗಿ ಒಯ್ಯದಂತೆ ತಡೆಯುವ ಅಧಿಕಾರ ಜಿಲ್ಲಾಧಿಕಾರಿಗೆ ಉಂಟು. ಇರಬೇಕಾದ ಅಧಿಕಾರವೇ. ನನ್ನ ಚಾಕು ಸೆಳೆಖಾನೆ ಸೇರಿತು. ಮಿತ್ರರ ಕತ್ತಿ ಅದರ ಪಕ್ಕದಲ್ಲಿ.

ಅವರು ಫೋನು ಮಾಡಿದರು. ಅಂಗಡಿ ಮಧ್ಯಾಹ್ನವೇ ಮುಚ್ಚುತ್ತಿದ್ದೇವೆ, ಗೋಣಿ ಬಿಚ್ಚಲು ಬ್ಲೇಡು ಸಾಕು, ಕತ್ತಿ ಅಲ್ಲಿಯೇ ಇರಲಿ ಎಂದರು. ಇರಲಿ ಎಂದೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಅಕಸ್ಮಾತ್ ಯಾರಾದರೂ ಬಂದು ನೋಡಿದರೆ 'ಈ ಕತ್ತಿ ಯಾರದು?' ಎಂದು ಕೇಳುತ್ತಾರೆ. ಹೆಸರು ಹೇಳಬೇಕು. ನಲುವತ್ತು ವರ್ಷ ಅಂಗಡಿಯಲ್ಲಿ ಎಲ್ಲರೆದುರು ಕರೆಯುತ್ತಿದ್ದ ಆ ಹೆಸರನ್ನು ಕತ್ತಿಯ ಜೊತೆಗೆ ಹೇಳಲು ನನ್ನ ನಾಲಗೆ ಹಿಂಜರಿಯುತ್ತಿದೆ ಎಂಬುದು ನನಗೆ ಆ ರಾತ್ರಿ ಗೊತ್ತಾಯಿತು. ಅವರಿಗೂ ಅತ್ತ ಹೀಗೆಯೇ ಅನಿಸುತ್ತಿದ್ದಿತೋ ಏನೋ. ನಾವಿಬ್ಬರೂ ಅದನ್ನು ಇದುವರೆಗೆ ಮಾತನಾಡಿಲ್ಲ. ಪೀಶಕತ್ತಿ ಎಂಬ ಮಾತೇ ಆ ವಾರಗಳಲ್ಲಿ ನಮ್ಮ ಊರಿನಿಂದ ಮಾಯವಾಗಿತ್ತು. ಎಲ್ಲರ ಬಾಯಲ್ಲೂ ಚೂರಿ. ತೊಟ್ಟು ತೆಗೆಯುವುದು, ನಾರು ಕೆರೆಯುವುದು, ಹಣ್ಣು ಹೋಳು ಮಾಡುವುದು ಇದೆಲ್ಲ ಪೀಶಕತ್ತಿಯ ಕೆಲಸ. ಚೂರಿಗೆ ಪತ್ರಿಕೆಯಲ್ಲಿ ಇರುವುದು ಒಂದೇ ಕೆಲಸ.

ಮನೆಯಾಕೆ ಎರಡನ್ನೂ ಮಾರಿಬಿಡಿ, ಅರುವತ್ತನ್ನೂ ಮಾರಿಬಿಡಿ ಎಂದಳು. ಅವಳ ಭಯ ಸುಳ್ಳಲ್ಲ. ಕಿಸೆಯ ಚಾಕುವಿನಿಂದ ಯಾರಿಗೂ ಅಪಾಯವಿಲ್ಲ ಎಂದು ನಾನು ವಾದಿಸಿದೆ. ಬೀಗವಿಲ್ಲದ ಅಲಗು, ತಿವಿದರೆ ತನ್ನ ಬೆರಳನ್ನೇ ಕಚ್ಚುತ್ತದೆ ಎಂದೆ. 'ಅದು ನಿಮಗೆ ಗೊತ್ತು. ನೋಡಿದವರಿಗೆ ಗೊತ್ತೇ?' ಎಂದಳು. ಇದಕ್ಕೆ ನನ್ನಲ್ಲಿ ಈಗಲೂ ಉತ್ತರವಿಲ್ಲ.

ನಿಷೇಧಾಜ್ಞೆ ಮುಗಿದ ಮೇಲೆ ಒಂದು ಬೆಳಗ್ಗೆ ಹೊರಟೆ. ಕತ್ತಿಯನ್ನು ಪತ್ರಿಕೆಯಲ್ಲಿ ಸುತ್ತಿದೆ. ಸುತ್ತಿದ ಮೇಲೆ ಅದು ಅಡಗಿಸಿದಂತೆ ಕಂಡಿತು. ಬಿಚ್ಚಿದೆ. ಹಿಂದಿನ ಹಾಗೆಯೇ ಕೈಚೀಲದಲ್ಲಿ, ಬಸಳೆಯ ಕಟ್ಟಿನ ಮೇಲೆ, ಹಿಡಿ ಹೊರಗೆ ಕಾಣುವಂತೆ ಇಟ್ಟೆ. ಸೇತುವೆಯ ಬಳಿ ನಿಂತಿದ್ದ ಕಾನ್‌ಸ್ಟೇಬಲ್ ಚೀಲ ನೋಡಿದ. 'ಬಸಳೆಗೆ ಈಗ ಎಷ್ಟು?' ಎಂದು ಕೇಳಿದ. ತೋಟದ್ದು ಎಂದೆ.

ಅಂಗಡಿಯಲ್ಲಿ ಮಿತ್ರರು ಒಬ್ಬರೇ ಇದ್ದರು. ನಾನು ಕತ್ತಿಯನ್ನು ತಟ್ಟೆಯಲ್ಲಿಟ್ಟೆ. ಯಂತ್ರ ಅಂಕೆ ತೋರಿಸಿತು. ಅವರು ಅದನ್ನು ನೋಡಲಿಲ್ಲ. ಎಂದಿನ ಪ್ರಶ್ನೆಯನ್ನೂ ಕೇಳಲಿಲ್ಲ. ಕತ್ತಿಯನ್ನು ಎತ್ತಿ, ಹೆಬ್ಬೆರಳಿನ ಉಗುರಿನ ಮೇಲೆ ಬಾಯಿಯನ್ನು ಪರೀಕ್ಷಿಸಿ, ಬದಿಯಲ್ಲಿದ್ದ ಗೋಣಿಯ ಹೊಲಿಗೆಯನ್ನು ಒಂದೇ ಎಳೆತಕ್ಕೆ ಬಿಚ್ಚಿದರು. ಒಳಗೆ ಕೈಹಾಕಿ ಒಂದು ಅಡಿಕೆ ತೆಗೆದು ಸೀಳಿದರು. ಅರ್ಧವನ್ನು ತಾವು ನೋಡಿದರು, ಇನ್ನರ್ಧವನ್ನು ನನ್ನ ಕಡೆಗೆ ಚಾಚಿದರು.

'ಹೇಗಿದೆ ನೋಡಿ' ಎಂದರು.

ಒಳಗೆ ಬೆಳ್ಳಗಿತ್ತು. ಹೊಸ ಚಾಲಿ ಎಂದೆ. ಅಲ್ಲ, ಹಳತು ಎಂದರು ಅವರು.